ಅವಾಸಿ – ಅಬಾಸಿ

ನೈಜೀರಿಯಾ ದೇಶದ ಆಗ್ನೇಯದಲ್ಲಿ, 1987ರಲ್ಲಿ ರೂಪುಗೊಂಡ ಅಕ್ವಾ ಇಬೊಂ ರಾಜ್ಯದಲ್ಲಿ, ಅನಾಂಗ್ ಎಂಬ ಜನಾಂಗವು ವಾಸವಾಗಿದೆ. ಎಣ್ಣೆತಾಳೆಯ ತೋಪು, ಗೆಣಸು ಮರಗೆಣಸುಗಳ ಹೊಲ ಇವರ ಜೀವನಾಧಾರ. ಇವರ ಇಕೊಟ್ ಎಕ್ಪೆನೆ ಪಟ್ಟಣವು ರಾಫಿಯಾ ತಾಳೆಯ ನಾರಿನ ಹೆಣಿಗೆಗೂ ಮರದ ಕೆತ್ತನೆಗೂ ಹೆಸರಾದುದು. ಪೂರ್ವಜರ ಚೇತನವೆಂದು ‘ಎಕ್ಪೊ’ ಮುಖವಾಡಗಳನ್ನು ಕೆತ್ತಿದ ಈ ಜನರು ಇಂದು ಬಹುಪಾಲು ಕ್ರೈಸ್ತರು.

ಇವರ ವಿಷಯವನ್ನು ಓದುತ್ತಿದ್ದಾಗ ಒಂದು ಪದವು ನನ್ನನ್ನು ತಡೆದು ನಿಲ್ಲಿಸಿತು. ಪರಮಾತ್ಮನನ್ನು ಅನಾಂಗರು ತಮ್ಮ ನುಡಿಯಲ್ಲಿ ‘ಅವಾಸಿ’ ಎನ್ನುತ್ತಾರೆ. ನೆರೆಯ ಎಫಿಕ್ ನುಡಿಯಲ್ಲಿ ಅದೇ ‘ಅಬಾಸಿ’. 1868ರ ವೇಳೆಗೆ ಬೈಬಲ್ ಪೂರ್ಣವಾಗಿ ಎಫಿಕ್ ನುಡಿಗೆ ಬಂದಿತ್ತು. ಮುಂದೆ ಅನಾಂಗರ ಊರುಗಳನ್ನು ಮುಟ್ಟಿದುದು ಆ ಗ್ರಂಥವೇ. ಚರ್ಚಿನಲ್ಲಿಯೂ ಶಾಲೆಯಲ್ಲಿಯೂ ಎಫಿಕ್; ಒಲೆಯ ಬಳಿ ತಾಯಿನುಡಿ. ದೇವರ ಹೆಸರು ಹೊಸದಲ್ಲ. ಉಚ್ಚಾರ ಮಾತ್ರ ನೆರೆಯವರದು.

ವನವು ಬನವಾಗುವುದನ್ನು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಆದರೂ ಒಮ್ಮೆ ಪ್ರಾರ್ಥನೆಯಲ್ಲಿ ಬಾಲಕನೊಬ್ಬನು ‘ಹರ’ನನ್ನು ‘ಅರ’ನೆಂದಾಗ ಎಲ್ಲರೆದುರು ಗದರಿಸಿದೆನು. “ನಮ್ಮವ್ವ ಇಂಗೇ ಕರೀತಾಳೆ, ಸಾ” ಎಂದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು. ಅಂದಿನಿಂದ ಅವನು ಪ್ರಾರ್ಥನೆಯಲ್ಲಿ ತುಟಿಯನ್ನಷ್ಟೇ ಅಲುಗಿಸುತ್ತಿದ್ದನು.

ಉಚ್ಚಾರವನ್ನು ತಿದ್ದುವುದು ಪಂಡಿತನ ಧರ್ಮವೇ ಸರಿ. ಆದರೆ ಅಂದು ನಾನು ತಿದ್ದಿದುದು ಅಕ್ಷರವನ್ನಲ್ಲ; ತಾಯಿಯ ಭಕ್ತಿಯನ್ನು ಮಗನ ಬಾಯಿಂದ ಕಿತ್ತುಕೊಂಡೆನು. ಆ ಶಿಷ್ಯನು ಎಲ್ಲಿಯೇ ಇರಲಿ, ಈ ಪುಟವನ್ನು ಓದಿದನಾದರೆ, ಅವ್ವನ ಅರನನ್ನೇ ಗಟ್ಟಿಯಾಗಿ ಕರೆಯಲಿ. ಈ ಮುದುಕನನ್ನು ಕ್ಷಮಿಸಲಿ.