ವೈಟ್‌ಫೀಲ್ಡ್ ಅನ್ನೋ ಚಿಪ್

ವಿಜಯನಗರದಲ್ಲಿ ಪರ್ಪಲ್ ಲೈನ್ ಹತ್ತಿದರೆ ಈಗ ವೈಟ್‌ಫೀಲ್ಡ್‌ವರೆಗೂ ಒಂದೇ ರೈಲು. 2023ರ ಅಕ್ಟೋಬರ್‌ನಿಂದ ಈ ಸುಖ. ಅದೇ ಹೆಸರಿನ ಚಿಪ್ ಕೂಡ ಒಂದಿತ್ತು, ಅದು ಮಾತ್ರ ಎಲ್ಲಿಗೂ ತಲುಪಲಿಲ್ಲ. ಇಂಟೆಲ್‌ನ ಬೆಂಗಳೂರು ತಂಡ ದೊಡ್ಡ ಸರ್ವರ್‌ಗಳಿಗಾಗಿ ವಿನ್ಯಾಸ ಮಾಡ್ತಿದ್ದ ಝಿಯಾನ್ ಪ್ರೊಸೆಸರ್ ಅದು. 2005ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು.

ಆಗ ಸರ್ವರ್ ಮಾರುಕಟ್ಟೆಯಲ್ಲಿ ಇಂಟೆಲ್‌ಗೆ ನಿಜವಾದ ಬಿಸಿ ತಟ್ಟಿತ್ತು. 2003ರಲ್ಲಿ ಬಂದ ಎಎಂಡಿಯ ಆಪ್ಟೆರಾನ್ ಅದರ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಎಳ್ಕೊಳ್ತಿತ್ತು. ಬೆಂಗಳೂರಿನ ತಂಡ ಸುಮ್ಮನೆ ಕೂರಲಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಝಿಯಾನ್ 7400 ಹೊರಬಂತು: ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್, ವಿನ್ಯಾಸ ಪೂರ್ತಿ ನಮ್ಮೂರಿನದು. ನಮ್ಮ ಫೀಲ್ಡಿನ ಹಳಬರು ಇವತ್ತಿಗೂ ಅದರ ಬಗ್ಗೆ ಮಾತಾಡ್ತಾರೆ. ವೈಟ್‌ಫೀಲ್ಡ್ ಬಗ್ಗೆ ಯಾರೂ ಬಾಯಿ ಬಿಡೋದಿಲ್ಲ.

ನಾನು ವೆರಿಫಿಕೇಶನ್ ಇಂಜಿನಿಯರ್. ಚಿಪ್ ಫ್ಯಾಕ್ಟರಿಗೆ ಹೋಗೋ ಮೊದಲು ಅದರಲ್ಲಿ ತಪ್ಪು ಹುಡುಕೋದು ನನ್ನ ಕೆಲಸ. ಹಿಂದಿನ ಕಂಪನಿಯಲ್ಲಿ (ಹೆಸರು ಬೇಡ ಬಿಡಿ) ಆರ್ಮ್ ಸರ್ವರ್ ಚಿಪ್ ಒಂದಕ್ಕೆ ಮೂರು ವರ್ಷ ದುಡಿದೆ. ಚಿಪ್ ಬಂತು, ಲ್ಯಾಬಲ್ಲಿ ಲಿನಕ್ಸ್ ಬೂಟ್ ಆಯ್ತು, ಕೇಕ್ ಕಟ್ ಮಾಡಿದ್ವಿ. ಐದು ತಿಂಗಳಿಗೆ ಪ್ರಾಜೆಕ್ಟ್ ಬಂದ್. ಇಪ್ಪತ್ತು ನಿಮಿಷದ ಮೀಟಿಂಗ್, ಅಷ್ಟೇ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಟೂಲ್ ರೂಮಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು.

"ಚಿಪ್ ಕೆಟ್ಟಿತ್ತೇನೋ?"

"ಇಲ್ಲಪ್ಪ, ಚೆನ್ನಾಗೇ ಇತ್ತು."

"ಆರ್ಡರ್ ಇತ್ತಾ?"

ಸುಮ್ಮನಾದೆ.

"ಆರ್ಡರ್ ಇಲ್ದೆ ಡೈ ಮಾಡ್ತಾರೇನೋ ಯಾರಾದ್ರೂ?"

ಬೇಜಾರಲ್ಲೂ ನಗು ಬಂತು, ಯಾಕಂದ್ರೆ ನಮ್ಮಲ್ಲೂ ಆ ಸಿಲಿಕಾನ್ ತುಂಡಿಗೆ ಡೈ ಅಂತಲೇ ಹೆಸರು.

ಆಮೇಲೆ ಹಳೇ ಕಥೆಗಳನ್ನೆಲ್ಲ ಅಪ್ಪನ ಪ್ರಶ್ನೆ ಇಟ್ಕೊಂಡು ನೋಡಿದೆ. ಆರ್ಮ್ ಸರ್ವರ್ ಕನಸು ಕಂಡ ಕ್ಯಾಲ್‌ಕ್ಸೆಡಾ 2013ರಲ್ಲೇ ಮುಚ್ಚಿತು. ಕ್ವಾಲ್‌ಕಾಮ್ 2017ರ ನವೆಂಬರ್‌ನಲ್ಲಿ 48 ಕೋರಿನ ಸೆಂಟ್ರಿಕ್ ತಂತು, ಮುಂದಿನ ವರ್ಷವೇ ಹಿಂದೆ ಸರೀತು. ಸರ್ವರ್ ಕೊಳ್ಳೋರು ಒಂದು ಚಿಪ್ ನೋಡಿ ಕೊಳ್ಳಲ್ಲ. ಅವರ ಸಾಫ್ಟ್‌ವೇರ್ ಎಲ್ಲ ಹಳೇ ಎಕ್ಸ್86 ಮೇಲೆ ಓಡ್ತಿರುತ್ತೆ. ಅದನ್ನೆಲ್ಲ ಹೊಸದರ ಮೇಲೆ ಪರೀಕ್ಷೆ ಮಾಡಿ ಸಾಗಿಸೋಕೆ ವರ್ಷಗಟ್ಟಲೆ ಬೇಕು, ಅಷ್ಟರಲ್ಲಿ ಮಾರಿದವನೇ ಅಂಗಡಿ ಮುಚ್ಚಿದರೆ? ಎರಡನೇದು, ಮೂರನೇದು ಬರುತ್ತೆ ಅನ್ನೋ ನಂಬಿಕೆ ಹುಟ್ಟೋವರೆಗೂ ಮೊದಲನೇದು ಮಾರಾಟ ಆಗೋದೇ ಕಷ್ಟ. ಎಎಂಡಿಗೆ ಎಕ್ಸ್86 ಮೊದಲೇ ಇತ್ತು, ಆದರೂ ಎಪಿಕ್ ಮೂಲಕ ವಾಪಸ್ ಬರೋಕೆ ಸಾಲಾಗಿ ಚಿಪ್ ತರಬೇಕಾಯ್ತು: 2017ರಲ್ಲಿ ನೇಪಲ್ಸ್, 2019ರಲ್ಲಿ 64 ಕೋರಿನ ರೋಮ್, 2021ರಲ್ಲಿ ಮಿಲಾನ್. ಎಲ್ಲ ಇಟಲಿ ಊರುಗಳು. ನಮ್ಮ ವೈಟ್‌ಫೀಲ್ಡ್‌ಗೆ ಆ ಭಾಗ್ಯ ಇರಲಿಲ್ಲ.

ಆರ್ಮ್ ಸರ್ವರ್ ಕೊನೆಗೂ ಗೆದ್ದದ್ದು ಎಲ್ಲಿ? ಅಮೆಜಾನ್ ಹತ್ತಿರ. 2018ರಲ್ಲಿ ಬಂದ ಗ್ರಾವಿಟಾನ್ ಚಿಪ್ಪನ್ನು ಅದು ಯಾರಿಗೂ ಮಾರೋದಿಲ್ಲ. ತನ್ನದೇ ಡೇಟಾ ಸೆಂಟರಲ್ಲಿಟ್ಟು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡುತ್ತೆ. ಮೊದಲ ಗಿರಾಕಿ ಮನೆಯಲ್ಲೇ ಇದ್ದ. 2023ರಲ್ಲಿ ಮೈಕ್ರೋಸಾಫ್ಟ್ ಕೋಬಾಲ್ಟ್, 2024ರಲ್ಲಿ ಗೂಗಲ್ ಆಕ್ಸಿಯಾನ್ ಅಂತ ಅದೇ ದಾರಿ ಹಿಡಿದವು. ಚಿಪ್ ಮಾರಿ ಬದುಕಬೇಕಾದ ಕಂಪನಿಗಳಿಗೆ ಇದು ಒಳ್ಳೇ ಸುದ್ದಿಯಲ್ಲ. ತಮ್ಮ ಅತಿ ದೊಡ್ಡ ಗಿರಾಕಿಯೇ ಈಗ ಪ್ರತಿಸ್ಪರ್ಧಿ.

ಹಾಗಾಗಿ ಹೋದ ವಾರ ಇಂಟರ್‌ವ್ಯೂನಲ್ಲಿ ಸಂಬಳದ ಮಾತಿಗೂ ಮೊದಲು ಕೇಳಿದೆ, "ಈ ಚಿಪ್‌ಗೆ ಮೊದಲ ಗಿರಾಕಿ ಯಾರು ಸರ್?" ಅವರು ನಕ್ಕು, "ನಾವೇ" ಅಂದ್ರು. ಆಫರ್ ಲೆಟರ್ ಕೂಡ ಬಂದಿದೆ.

ಅಪ್ಪನಿಗೆ ಹೇಳಿದರೆ ಇನ್ನೊಂದು ಪ್ರಶ್ನೆ: "ಅವರಿಗೆ ಹೊರಗಡೆನೇ ಅಗ್ಗಕ್ಕೆ ಸಿಕ್ಕಿಬಿಟ್ರೆ?"

ಶುಕ್ರವಾರದೊಳಗೆ ಸಹಿ ಹಾಕಿ ಕಳಿಸಬೇಕು.