ಆರ್-18ರ ಮೋಹ

ಮೇಪಲ್ ಎಲೆ ಉದುರಿ ಮುಗಿಯುವ ಹೊತ್ತಿಗೆ ಮಿನೆಸೋಟಾ, ಮಿಷಿಗನ್, ವಿಸ್ಕಾನ್ಸಿನ್ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ನೀಲಿ, ಗುಲಾಬಿ ಬಣ್ಣದ ಫೋಮ್ ಹಲಗೆಗಳು ಆಳೆತ್ತರ ಪೇರಿ ನಿಲ್ಲುತ್ತವೆ. ಗ್ಯಾರೇಜ್ ಬಾಗಿಲಿಗೆ ಫೋಮ್ ಕೂರಿಸುವ ಕಾಲ ಬಂತು. ಕೈಕೆಲಸಗಳಲ್ಲಿ ಇಷ್ಟು ಬೇಗ ಫಲ ಕೊಡುವವು ಕಡಿಮೆ. ಒಂದು ಕಟರ್, ಒಂದು ಉದ್ದನೆಯ ಅಡಿಪಟ್ಟಿ, ಬಿಡುವಿನ ಒಂದು ಶನಿವಾರ ಇದ್ದರೆ ಸಾಕು. ಬೆಳಿಗ್ಗೆ ಗಡಗಡ ಎನ್ನುತ್ತಿದ್ದ ತಗಡು ಸಂಜೆಗೆ ಮೆತ್ತಗೆ ದಬ್ ಎಂದು ಮುಚ್ಚಿಕೊಳ್ಳುತ್ತದೆ. ಈ ಸುಖದ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರಿರುವುದು ಈ ಕೆಲಸ ಹಿಡಿದವರು ಒಬ್ಬರನ್ನೊಬ್ಬರು ಮಾತಾಡಿಸುವ ರೀತಿಯ ಬಗ್ಗೆ. ಹೇಗೆ ಕೂರಿಸಿದಿರಿ, ಅಂಚು ಹೇಗೆ ಬಂತು ಎಂದು ಯಾರೂ ಕೇಳುವುದಿಲ್ಲ. "ಎಷ್ಟು ಆರ್?" ಎನ್ನುತ್ತಾರೆ. ಆರ್ ಎಂದರೆ ಶಾಖವನ್ನು ತಡೆಯುವ ಶಕ್ತಿಯ ಅಳತೆ. ಹೊಸ ಬಾಗಿಲು ಕೊಂಡವರು ಆರ್-18 ಎಂಬ ಸ್ಟಿಕರನ್ನು ವರ್ಷಗಟ್ಟಲೆ ಕೀಳದೆ ಹಾಗೇ ಬಿಟ್ಟಿರುತ್ತಾರೆ.

ಲೆಕ್ಕ ಹಾಕಿ ನೋಡೋಣ. ಎರಡು ಕಾರು ಹಿಡಿಸುವ ಬಾಗಿಲು 16 ಅಡಿ ಅಗಲ, 7 ಅಡಿ ಎತ್ತರ, ಅಂದರೆ 112 ಚದರ ಅಡಿ. ಬರಿಯ ಉಕ್ಕಿನ ತಗಡಿಗೆ ಸ್ವಂತದ ತಡೆ ಎಂಬುದಿಲ್ಲ. ಎರಡೂ ಮೈಗೆ ಅಂಟಿ ನಿಂತ ಗಾಳಿಯ ತೆಳು ಪದರಗಳನ್ನು ಸೇರಿಸಿಕೊಂಡರೆ ಹೆಚ್ಚುಕಡಿಮೆ ಆರ್-1 ಆದೀತು. ಈ ಬಾಗಿಲು ಹೊರಗೆ ಬಿಡುವ ಶಾಖವನ್ನು ನೂರು ಎಂದುಕೊಳ್ಳಿ. ಒಂದಿಂಚು ಥರ್ಮಾಕೋಲ್ ಕೂರಿಸಿದರೆ ಆರ್-4 ಸೇರಿ ಒಟ್ಟು 5 ಆಗುತ್ತದೆ, ನೂರು ಇಪ್ಪತ್ತಕ್ಕೆ ಇಳಿಯುತ್ತದೆ. ಒಟ್ಟು ಆರ್-8 ಆದರೆ ಹನ್ನೆರಡೂವರೆ. ಆರ್-18 ಆದರೆ ಐದೂವರೆ. ಮೊದಲ ಒಂದಿಂಚೇ ಎಂಬತ್ತನ್ನು ಉಳಿಸಿತು. 8ರಿಂದ 18ಕ್ಕೆ ಏರಲು ಸುರಿದ ಹಣವೆಲ್ಲ ಉಳಿಸಿದ್ದು ಬರೀ ಏಳು. ಅದೂ ಕಾಗದದ ಮೇಲೆ. ಸ್ಟಿಕರಿನ ಸಂಖ್ಯೆ ಸಾಮಾನ್ಯವಾಗಿ ಹಲಗೆಯ ನಟ್ಟನಡುವಿನದು. ಬಾಗಿಲಾದರೋ ನಾಲ್ಕೈದು ಮಡಿಕೆಗಳ ಜೋಡಣೆ. ಕೀಲುಗಳು, ಕೂಡುಗೆರೆಗಳು, ಉಕ್ಕಿನ ಅಂಚುಪಟ್ಟಿಗಳು ಎಲ್ಲವೂ ಶಾಖಕ್ಕೆ ರಹದಾರಿಗಳೇ. ಇಡೀ ಬಾಗಿಲನ್ನು ಚೌಕಟ್ಟಿನ ಸಮೇತ ಅಳೆದರೆ ಸಂಖ್ಯೆ ಬಹಳ ಕೆಳಗಿಳಿಯುತ್ತದೆ. ಇನ್ನು ಕೆಳಗಿನ ರಬ್ಬರ್ ಪಟ್ಟಿ ಸವೆದು ಕಾಲಿಂಚು ಸಂದು ಬಿಟ್ಟಿದ್ದರೆ, 16 ಅಡಿ ಉದ್ದಕ್ಕೆ ಅದು 48 ಚದರ ಅಂಗುಲದ ತೂತು, ಅಂದರೆ ಎಂಟಿಂಚಿಗೆ ಆರಿಂಚಿನ ಕಿಂಡಿ. ತಲೆಗೆ ರೇಷ್ಮೆ ಪೇಟ ಸುತ್ತಿ ಹಿಮದಲ್ಲಿ ಬರಿಗಾಲಲ್ಲಿ ನಿಂತ ಹಾಗೆ. ರಾತ್ರಿ ಒಳಗೆ ದೀಪ ಹಾಕಿ, ಬಾಗಿಲು ಮುಚ್ಚಿ, ಹೊರಗಿನಿಂದ ಒಂದು ಸುತ್ತು ನೋಡಿದರೆ ಬೆಳಕು ಸೋರುವ ಗೆರೆಗಳೇ ಮೊದಲು ದುಡ್ಡು ಹಾಕಬೇಕಾದ ಜಾಗ ಯಾವುದೆಂದು ತೋರಿಸುತ್ತವೆ.

ಇಷ್ಟಕ್ಕೂ ಬಾಗಿಲು ಉಳಿಸಿದ ಶಾಖ ಯಾರದು? ಹೀಟರ್ ಇಲ್ಲದ, ಮನೆಗೆ ಅಂಟಿಕೊಂಡ ಗ್ಯಾರೇಜನ್ನು ತೆಗೆದುಕೊಳ್ಳಿ. ಫೋಮ್ ಇಲ್ಲದಾಗ ಬಾಗಿಲು, ಹೊರಗೋಡೆ, ಮಾಡು, ಸಂದುಗೊಂದು ಎಲ್ಲ ಸೇರಿ ಒಂದೊಂದು ಡಿಗ್ರಿ ವ್ಯತ್ಯಾಸಕ್ಕೆ 300 ಪಾಲು ಶಾಖ ಹೊರಬಿಡುತ್ತವೆ, ಅದರಲ್ಲಿ ಬಾಗಿಲಿನದು 112 ಎನ್ನೋಣ. ಮನೆಗೂ ಗ್ಯಾರೇಜಿಗೂ ನಡುವಿನ ಗೋಡೆ, ಒಳಗೆ ಇನ್ಸುಲೇಷನ್ ಇದ್ದರೆ, ದಾಟಿಸುವುದು ಸುಮಾರು 15 ಪಾಲು. ಮನೆಯೊಳಗೆ 20 ಡಿಗ್ರಿ, ಹೊರಗೆ ಸೊನ್ನೆಗಿಂತ 20 ಕೆಳಗೆ. ನೆಲದ ಶಾಖವನ್ನು ಬದಿಗಿಟ್ಟರೆ ಗ್ಯಾರೇಜು ಮೈನಸ್ 18ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬಾಗಿಲನ್ನು ಆರ್-8 ಮಾಡಿದರೆ ಮೈನಸ್ 17ರ ಹತ್ತಿರ ಬರುತ್ತದೆ. ನಡುಗೋಡೆಯಿಂದ ಮನೆ ಕಳೆದುಕೊಳ್ಳುವ ಶಾಖದಲ್ಲಿ ಉಳಿದದ್ದು ನೂರಕ್ಕೆ ಎರಡು ಚಿಲ್ಲರೆ. ಇಡೀ ಮನೆಯ ಬಿಲ್ಲಿನಲ್ಲಲ್ಲ, ಆ ಒಂದು ಗೋಡೆಯ ಲೆಕ್ಕದಲ್ಲಿ! ಅಮೆರಿಕದ ಕಟ್ಟಡ ಸಂಹಿತೆ ಹೀಟರ್ ಇಲ್ಲದ ಗ್ಯಾರೇಜನ್ನು ಹೊರಗಿನ ಜಾಗವೆಂದೇ ಎಣಿಸಿ ನಡುಗೋಡೆಗೆ ಇನ್ಸುಲೇಷನ್ ಕೇಳುವುದು ಇದೇ ಕಾರಣಕ್ಕೆ.

"ಆದರೆ ನಮ್ಮ ಗ್ಯಾರೇಜು ನಿಜವಾಗಿ ಬೆಚ್ಚಗಾಯಿತಲ್ಲ, ಥರ್ಮಾಮೀಟರ್ ನೋಡಿ" ಎನ್ನುವವರು ಸುಳ್ಳು ಹೇಳುತ್ತಿಲ್ಲ. ನಾನು ಬದಿಗಿಟ್ಟ ನೆಲದ ಶಾಖವೂ ಆಗತಾನೇ ಬಂದು ನಿಂತ ಕಾರಿನ ಎಂಜಿನ್ನೂ ಕೊಟ್ಟ ಬಿಸಿ ಅದು. ಬಾಗಿಲು ಅದನ್ನು ಹೆಚ್ಚು ಹೊತ್ತು ಹಿಡಿದಿಟ್ಟಿತು. ಕೈ ಕೊರೆಯದೆ ಟೈರು ಬದಲಿಸಬಹುದು, ಗೋಡೆಯೊಳಗಿನ ನೀರಿನ ಪೈಪು ಹೆಪ್ಪುಗಟ್ಟುವ ಭಯ ತಗ್ಗಬಹುದು. ಅದು ಅನುಕೂಲ, ಉಳಿತಾಯದ ಖಾತೆಗೆ ಬರೆಯಬಾರದು. ಗ್ಯಾರೇಜಿಗೆ ಹೀಟರ್ ಇಟ್ಟವರ ಕಥೆ ಬೇರೆ. ಅಲ್ಲಿ ಮೇಲಿನ 300 ಪಾಲು 202ಕ್ಕೆ ಇಳಿಯುತ್ತದೆ, ಮೂರನೇ ಒಂದು ಭಾಗ ನಿಜಕ್ಕೂ ಉಳಿಯುತ್ತದೆ. ಆ ದೇಶದ ನಮ್ಮವರ ಮನೆಗಳಲ್ಲಿ ಇಂಥದ್ದು ಅಪರೂಪವಲ್ಲ. ಇಂಗು-ಒಗ್ಗರಣೆಯ ಘಾಟು ಕಾರ್ಪೆಟ್ಟಿಗೆ ಹಿಡಿಯದಿರಲೆಂದು ಗ್ಯಾರೇಜಿನಲ್ಲಿ ಎರಡನೇ ಒಲೆ ಹೂಡಿದವರಿಗೆ ಬಾಗಿಲ ಫೋಮ್ ಖಂಡಿತ ಬೇಕು. ಆದರೆ ಗ್ಯಾಸಿನ ಒಲೆ ಹಚ್ಚಿ, ಸಂದುಗಳನ್ನೆಲ್ಲ ಮುಚ್ಚಿ, ಬಾಗಿಲು ಹಾಕಿಕೊಂಡು ಹೋಳಿಗೆ ಬೇಯಿಸಿದರೆ ಕಾರ್ಬನ್ ಮಾನಾಕ್ಸೈಡ್‌ಗೆ ಆಮಂತ್ರಣ ಕೊಟ್ಟಂತೆ. ಗ್ಯಾರೇಜಿನ ಮೇಲಿನ ಮಲಗುವ ಕೋಣೆ ತಣ್ಣಗೆಂದು ದೂರುವವರೂ ಇದ್ದಾರೆ. ಅವರು ಬಾಗಿಲು ಬಿಟ್ಟು ತಲೆಯೆತ್ತಿ ನೋಡಲಿ. ಆ ಚಳಿ ಮೇಲೇರುತ್ತಿರುವುದು ತೊಲೆಗಳ ನಡುವಿನ ಸಂದುಗಳಿಂದ, ಮದ್ದು ಬೇಕಾದ್ದು ಗ್ಯಾರೇಜಿನ ಸೂರಿಗೆ.

ಹಾಗಿದ್ದೂ ಈ ಕೆಲಸ ಬಿಡಲಾಗದು, ಏಕೆಂದರೆ ಹಲಗೆ ಕೂರಿಸುವುದರಲ್ಲಿ ಒಂದು ಹದ ಇದೆ. ಬಾಗಿಲಿನ ಪ್ರತಿ ಮಡಿಕೆಗೂ ಮೇಲೆ ಕೆಳಗೆ ಒಳಮುಖವಾಗಿ ಮಡಚಿದ ತುಟಿಯಿರುತ್ತದೆ. ಅಳತೆಗೆ ಸರಿಯಾಗಿ ಕತ್ತರಿಸಿದ ಹಲಗೆ ಅಲ್ಲಿ ಲೊಡಲೊಡ ಅಲ್ಲಾಡುತ್ತದೆ. ಎರಡೂ ತುಟಿಗಳ ಹಿಂದೆ ಸೇರುವಷ್ಟು ಉದ್ದ ಬಿಟ್ಟು, ಮೇಲೊಂದು ಎಂಟನೇ ಒಂದು ಇಂಚು ಹೆಚ್ಚಿಟ್ಟು ಕತ್ತರಿಸಬೇಕು. ನಡುವೆ ಮಂಡಿಯಿಟ್ಟು ಬಿಲ್ಲಿನಂತೆ ಬಾಗಿಸಿ, ಮೊದಲು ಕೆಳಗಿನ ತುಟಿಗೆ ಸಿಕ್ಕಿಸಿ, ಆಮೇಲೆ ಮೇಲಿನದಕ್ಕೆ ಜಾರಿಸಿ ಕೈ ಬಿಟ್ಟರೆ ಟಪ್ ಎಂದು ನೆಟ್ಟಗಾಗುತ್ತದೆ. ಅಂಟೇ ಬೇಡ. ಗಣೇಶನ ಮಂಟಪಕ್ಕೆ ಥರ್ಮಾಕೋಲ್ ಕೊರೆದ ಕೈಗಳಿಗೆ ಇದು ಬೇಗ ಒಲಿಯುತ್ತದೆ: ಅಲಗು ಹೊಸದಿರಬೇಕು, ಎಳೆತ ಒಂದೇ ಸಮನಿರಬೇಕು, ಅವಸರಪಟ್ಟರೆ ಬಿಳಿ ಕಾಳುಗಳು ಉದುರಿ ಸ್ವೆಟರಿಗೆಲ್ಲ ಹತ್ತಿಕೊಳ್ಳುತ್ತವೆ. ಹತ್ತಿಸಲೇಬೇಕೆಂಬ ಹಟವಿದ್ದರೆ ಫೋಮಿಗೆಂದೇ ಮಾಡಿದ ಅಂಟು ಬಳಸಿ. ಮಾಮೂಲಿ ರಬ್ಬರ್ ಅಂಟಿನ ದ್ರಾವಕ ಥರ್ಮಾಕೋಲನ್ನು ಕಣ್ಣೆದುರೇ ತಿಂದು ಹಾಕುತ್ತದೆ. ಇಂಚಿಗೆ ಆರ್-6 ಎಂದು ಮಾರುವ ಪಾಲಿಐಸೊ ಹಲಗೆಯ ಹಿಂದೆ ಬಿದ್ದವರಿಗೆ ಒಂದು ಮಾತು: ಕೊರೆಯುವ ಚಳಿಯಲ್ಲಿ ಅದರ ತಡೆ ತಗ್ಗುತ್ತದೆ, ಅಗ್ಗದ ಥರ್ಮಾಕೋಲಿನದು ತುಸು ಏರುತ್ತದೆ. ಮಿನೆಸೋಟಾದ ಜನವರಿಗೆ ಯಾವುದು ಮೇಲು ಎಂಬುದನ್ನು ಸ್ಟಿಕರ್ ಹೇಳುವುದಿಲ್ಲ.

ಬೆಳ್ಳಿಹಾಳೆಯ ಪಂಗಡದ್ದು ಇನ್ನೊಂದು ರಗಳೆ. ಅರಿಜೋನಾದ ಫೀನಿಕ್ಸಿನಲ್ಲಿ ಪಡುವಣ ಬಿಸಿಲಿಗೆ ಮುಖ ಮಾಡಿದ ತಗಡು ಬಾಗಿಲು ಕಾದ ಹೆಂಚಾಗಿ ಒಳಗೆ ಝಳ ಉಗುಳುತ್ತದೆ. ಅಲ್ಲಿ ಅಲ್ಯೂಮಿನಿಯಂ ಹಾಳೆ ಕೆಲಸ ಮಾಡುತ್ತದೆಂಬುದನ್ನು ನಾನೂ ಒಪ್ಪುತ್ತೇನೆ. ಬಣ್ಣ ಬಳಿದ ಮೈ ತನ್ನಿಂದಾಗುವ ಝಳದ ಹತ್ತರಲ್ಲಿ ಒಂಬತ್ತು ಪಾಲು ಚೆಲ್ಲಿದರೆ ಹೊಳಪಿನ ಹಾಳೆ ಚೆಲ್ಲುವುದು ನೂರರಲ್ಲಿ ಐದರ ಆಸುಪಾಸು. ಆದರೆ ಹೊಳಪಿನ ಮೈಯೆದುರು ಗಾಳಿಯ ತೆರಪು ಬೇಕು. ತಗಡಿಗೆ ಒತ್ತಿ ಅಂಟಿಸಿದ ಮೈಗೆ ಹೊಳಪಿದ್ದರೆಷ್ಟು, ಬಿಟ್ಟರೆಷ್ಟು! ಅಲ್ಲಿ ಶಾಖ ಸ್ಪರ್ಶದಿಂದಲೇ ದಾಟುತ್ತದೆ. ಗುಳ್ಳೆ ಪ್ಲಾಸ್ಟಿಕ್ಕಿನ ಹಾಳೆಯ ಸ್ವಂತ ತಡೆ ಆರ್-1ರ ಆಸುಪಾಸು. ಪೆಟ್ಟಿಗೆಯ ಮೇಲೆ ಮುದ್ರಿಸಿದ ದೊಡ್ಡ ಸಂಖ್ಯೆ ಸುತ್ತಲಿನ ಗಾಳಿಯನ್ನೂ ಸೇರಿಸಿ ಎಣಿಸಿದ್ದು, ಆ ಗಾಳಿಯನ್ನು ಪೆಟ್ಟಿಗೆಯೊಳಗಿಟ್ಟು ಯಾರೂ ಮಾರುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಹಾಳೆಯನ್ನು ಸುಕ್ಕಿಲ್ಲದಂತೆ ತಗಡಿಗೆ ಉಜ್ಜಿ ಉಜ್ಜಿ ಅಂಟಿಸುತ್ತಾರೆ, ಆ ನುಣುಪಿಗೆ ಬೆನ್ನು ಬೇರೆ ತಟ್ಟಿಕೊಳ್ಳುತ್ತಾರೆ.

ಅವರನ್ನಾದರೂ ಕ್ಷಮಿಸಬಹುದು, ಹಾಳೆಗೆ ತೂಕವಿಲ್ಲ. ಫೋಮ್ ಕಾಣಬಾರದೆಂದು ಅದರ ಮೇಲೆ ಪ್ಲೈವುಡ್ ಹೊಡೆಯುವವರನ್ನು ಏನು ಮಾಡಬೇಕೋ ತಿಳಿಯದು. ಇಡೀ ಬಾಗಿಲಿನ ಒಂದಿಂಚು ಥರ್ಮಾಕೋಲ್ ನಾಲ್ಕೈದು ಕಿಲೋ. ಅದೇ ಜಾಗಕ್ಕೆ ಕಾಲಿಂಚಿನ ಪ್ಲೈವುಡ್ ಮೂವತ್ತು ಕಿಲೋ ದಾಟುತ್ತದೆ. ಬಾಗಿಲನ್ನು ಎತ್ತುವುದು ಮೋಟರ್ ಎಂದು ಇವರ ನಂಬಿಕೆ. ಎತ್ತುವುದು ಮೇಲಿನ ಸ್ಪ್ರಿಂಗು, ಹಳೆಯ ತೂಕಕ್ಕೆ ಸರಿದೂಗಿಸಿ ಸುತ್ತಿದ್ದು. ಕೆಂಪು ಹಗ್ಗ ಎಳೆದು ಮೋಟರನ್ನು ಬಿಡಿಸಿ, ಬಾಗಿಲನ್ನು ಅರ್ಧ ಎತ್ತಿ ಮೆಲ್ಲಗೆ ಕೈ ಸಡಿಲಿಸಿದರೆ ಅಲ್ಲೇ ನಿಲ್ಲಬೇಕು. ಕೆಳಗೆ ಜಾರಿದರೆ ಸ್ಪ್ರಿಂಗ್ ಬಿಗಿಸಬೇಕು, ಇಲ್ಲವೇ ಬದಲಿಸಬೇಕು. ಬಿಗಿದು ಸುತ್ತಿದ ಆ ಉಕ್ಕು ಕೈತಪ್ಪಿದರೆ ಮೂಳೆ ಮುರಿಯುತ್ತದೆ, ಆದ್ದರಿಂದ ಕಸುಬಿನವರನ್ನೇ ಕರೆಸಬೇಕು, ಅವರ ಕೂಲಿ ಫೋಮಿನ ಬೆಲೆಗಿಂತ ಹೆಚ್ಚು. ಬೆಂಕಿಯ ರಕ್ಷಣೆಗೆ ಪ್ಲೈವುಡ್ ಹೊಡೆದೆವು ಎಂಬ ಸಮಜಾಯಿಷಿಯೂ ಕೇಳಿಬರುತ್ತದೆ. ಉರಿಯುವ ಫೋಮನ್ನು ಉರಿಯುವ ಕಟ್ಟಿಗೆಯಿಂದ ಮುಚ್ಚುವುದು ಯಾವ ರಕ್ಷಣೆ? ಬೆಂಕಿಯ ಚಿಂತೆಯಿದ್ದವರು ಅದಕ್ಕೆಂದೇ ಪರೀಕ್ಷೆಯಾದ ಹೊದಿಕೆಯ ಹಲಗೆ ಕೊಳ್ಳಲಿ. ಅಷ್ಟು ಭಾರ ಹೇರಿ, ಮೋಟರನ್ನು ಏದುಸಿರು ಬಿಡಿಸಿ ಕೂರಿಸಿದ ಆ ಕಾಲಿಂಚು ಪ್ಲೈವುಡ್ಡಿನ ಆರ್ ಎಷ್ಟೆಂದು ಅವರದೇ ಪ್ರಶ್ನೆ ಅವರಿಗೆ ಕೇಳಿದರೆ ಉತ್ತರ ಸುಮಾರು 0.3.