ಎಲ್ಲಕ್ಕಿಂತ ಕೆಳಗಿನ ಲೀಗು

ಪಂದ್ಯಕ್ಕೆ ಇನ್ನೂ ಅರ್ಧ ಗಂಟೆ ಇದೆ. ಮನೆಯ ಮುಂದಿನ ತಿಣ್ಣೆಯ ಮೇಲೆ ಕಾಲು ಮಡಿಸಿ ಕೂತಿದ್ದೀರಿ. ಕೈಯಲ್ಲಿ ಫೋನು. ಎರಡು ಸಲ ಸೋಪು ಹಾಕಿ ತೊಳೆದರೂ ಬೆರಳುಗಳಿಂದ ಮಲ್ಲಿಗೆಯ ವಾಸನೆ ಹೋಗಿಲ್ಲ. ನಿಲಕ್ಕೋಟ್ಟೈಯ ಹೂವಿನ ಮಾರುಕಟ್ಟೆಯಲ್ಲಿ ಕೆಲಸ ಮಾಡುವವರ ಕೈಯೇ ಹಾಗೆ. ನಸುಕಿನಲ್ಲಿ ಕಿತ್ತ ಮೊಗ್ಗು ಚೀಲ ಚೀಲವಾಗಿ ಬಂದಿಳಿಯುತ್ತದೆ. ತೂಗಬೇಕು, ಚೀಟಿ ಬರೆಯಬೇಕು, ಬಿರಿಯುವ ಮೊದಲೇ ಸಾಗಹಾಕಬೇಕು. ಮಧುರೆ ಮಲ್ಲಿಗೆಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಈ ಊರಿರುವ ದಿಂಡಿಗಲ್ ಜಿಲ್ಲೆಯೂ ಅದರೊಳಗೆ ಬಂತು. ಆದರೂ ದರ ಹತ್ತುವುದು, ಇಳಿಯುವುದು ಮುಹೂರ್ತದ ದಿನಗಳನ್ನು ನೋಡಿಕೊಂಡೇ. ಈ ದಿನ ಮುಹೂರ್ತವಿತ್ತು. ಬೆಳಗಿನಿಂದ ಕೂಗಿ ಕೂಗಿ ಗಂಟಲು ಕಟ್ಟಿದೆ.

ಒಳಗಿಂದ ಅಮ್ಮ ಕನ್ನಡದಲ್ಲಿ ಏನೋ ಕೇಳುತ್ತಾರೆ. ನೀವು ಕನ್ನಡದಲ್ಲೇ ಉತ್ತರಿಸುತ್ತೀರಿ. ಅಷ್ಟರಲ್ಲಿ ಬೀದಿಯಲ್ಲಿ ಸೈಕಲ್ ನಿಲ್ಲಿಸಿದವನೊಡನೆ ತಮಿಳಿಗೆ ಹೊರಳುತ್ತೀರಿ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಹೀಗೆಯೇ. ಮಧುರೆ ಸೀಮೆಯ ಅನುಪ್ಪರನ್ನೂ ಕಪ್ಪಿಲಿಯರನ್ನೂ ಕನ್ನಡ ಮಾತಾಡುವ ಬೇಸಾಯಗಾರರೆಂದು ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗೆಗಿನ ತಮ್ಮ 1909ರ ಸಂಪುಟಗಳಲ್ಲಿ ದಾಖಲಿಸಿದ್ದಾರೆ. ಕಂಬಂ ಕಣಿವೆಯ ಕಪ್ಪಿಲಿಯರ ಮನೆಗಳಲ್ಲಿ ಇವತ್ತಿಗೂ ಆ ಕನ್ನಡ ಉಳಿದಿದೆ, ಓದುಬರಹವೆಲ್ಲ ತಮಿಳು ಲಿಪಿಯಲ್ಲಿ. ಹಾಗಾಗಿ ಎರಡು ಮಾತುಗಳ ನಡುವೆ ಓಡಾಡುವುದು ನಿಮಗೆ ಕಷ್ಟವೇ ಅಲ್ಲ. ಫೋನಿನಲ್ಲಿರುವುದು ಮೂರನೆಯದು, ಇಂಗ್ಲಿಷ್. ಪರದೆಯ ಮೇಲೆ ಒಂದು ರೋಮನ್ ಅಂಕಿ, ಅದರ ಪಕ್ಕ ಒಂದು ಸಂಖ್ಯೆ, ಕೆಳಗೆ ಎಂಟು ತಂಡಗಳ ಹೆಸರು. ಆರನೆಯ ಸಾಲಿನಲ್ಲಿ ನಿಮ್ಮದು. ಊರಿನ ಹೆಸರನ್ನೇ ತಂಡಕ್ಕೆ ಇಟ್ಟಿದ್ದೀರಿ.

ಈ ಆನ್‌ಲೈನ್ ಫುಟ್‌ಬಾಲ್ ಆಟದ ಹೆಸರು ಹ್ಯಾಟ್ರಿಕ್. 1997ರಲ್ಲಿ ಸ್ವೀಡನ್ನಿನ ಬ್ಯೋರ್ನ್ ಹೋಲ್ಮೇರ್ ಶುರು ಮಾಡಿದ್ದು. ಇಲ್ಲಿ ನೀವು ಚೆಂಡು ಒದೆಯುವುದಿಲ್ಲ, ಬೆರಳಿನಿಂದ ಯಾರನ್ನೂ ಓಡಿಸುವುದಿಲ್ಲ. ನಿಮ್ಮದು ಮ್ಯಾನೇಜರ್ ಕೆಲಸ: ಯಾರನ್ನು ಆಡಿಸಬೇಕು, ವಾರವಿಡೀ ಏನು ಕಲಿಸಬೇಕು, ಯಾರನ್ನು ಮಾರಬೇಕು, ಹರಾಜಿನಲ್ಲಿ ಯಾರನ್ನು ಕೊಳ್ಳಬೇಕು. ಲೀಗ್ ಪಂದ್ಯ ವಾರಕ್ಕೊಂದು ಮಾತ್ರ. ಎಂಟು ತಂಡ, ಹದಿನಾಲ್ಕು ಪಂದ್ಯ. ಒಂದು ಸೀಸನ್ ಮುಗಿಯಲು ಹದಿನಾರು ವಾರ. ಅಷ್ಟರಲ್ಲಿ ನಿಮ್ಮ ಆಟಗಾರನಿಗೆ ಒಂದು ವರ್ಷ ವಯಸ್ಸು ಹೆಚ್ಚಿರುತ್ತದೆ, ಏಕೆಂದರೆ ಆ ಲೋಕದಲ್ಲಿ ವರ್ಷಕ್ಕೆ 112 ದಿನ. ಹೊಸಬರೆಲ್ಲ ತಮ್ಮ ದೇಶದ ಅತಿ ಕೆಳಗಿನ ಡಿವಿಷನ್ನಿನಲ್ಲಿ ಇಳಿಯುತ್ತಾರೆ. ನೀವೂ ಅಲ್ಲೇ ಇಳಿದಿದ್ದೀರಿ.

ಮೊದಲ ಪಂದ್ಯ ನೆನಪಿಸಿಕೊಳ್ಳಿ. ಗೋಲು ಬೇಕು ಎಂದರೆ ಗೋಲು ಹೊಡೆಯುವವರು ಬೇಕು ಎಂದುಕೊಂಡು ಮೂವರು ಫಾರ್ವರ್ಡ್‌ಗಳನ್ನು ಮುಂದೆ ನಿಲ್ಲಿಸಿದಿರಿ. ಮಿಡ್‌ಫೀಲ್ಡಿನಲ್ಲಿ ಯಾರಿದ್ದರು ಎಂಬುದನ್ನೂ ಸರಿಯಾಗಿ ನೋಡಲಿಲ್ಲ. ನಾಲ್ಕು ಗೋಲಿನಿಂದ ಸೋತಿರಿ. ಪಂದ್ಯದ ವರದಿಯಲ್ಲಿ ಚೆಂಡು ಯಾರ ಬಳಿ ಎಷ್ಟು ಹೊತ್ತು ಇತ್ತು ಎಂಬ ಶೇಕಡಾವಾರು ಲೆಕ್ಕವಿತ್ತು. ನಿಮ್ಮ ಪಾಲು ಕರುಣಾಜನಕ. ಆ ರಾತ್ರಿ ನಿದ್ದೆ ಬರುವ ತನಕ ನಿಯಮಗಳ ಪುಟ ಓದಿದಿರಿ. ಅಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು: ಗೋಲಿನ ಅವಕಾಶ ಯಾರಿಗೆ ಹೆಚ್ಚು ಸಿಗಬೇಕು ಎಂಬುದನ್ನು ನಡುಮೈದಾನ ತೀರ್ಮಾನಿಸುತ್ತದೆ. ಮೂರು ಜನ ಹೊಡೆಯುವವರಿದ್ದರೂ ಚೆಂಡು ಅವರವರೆಗೆ ಹೋಗಲೇಬೇಕಲ್ಲ! ಮುಂದಿನ ವಾರ ಒಬ್ಬ ಫಾರ್ವರ್ಡನ್ನು ಕೂರಿಸಿ ಐವರನ್ನು ನಡುವೆ ಹರಡಿದಿರಿ. ಒಂದು–ಒಂದು, ಸಮ. ಒಂದೇ ಒಂದು ಪಾಯಿಂಟು. ಅದರ ಖುಷಿ ಮಾತ್ರ ಮಾರುಕಟ್ಟೆಯಲ್ಲಿ ಮರುದಿನ ಮಧ್ಯಾಹ್ನದವರೆಗೂ ಇಳಿಯಲಿಲ್ಲ.

ನಾನು ಹೇಳಬೇಕೆಂದಿರುವುದು ಈ ಖುಷಿಯ ಬಗ್ಗೆಯೇ. ಕೆಳಗಿನ ಲೀಗು ಎಂದರೆ ಬೇಗ ದಾಟಿಬಿಡಬೇಕಾದ ಜಾಗ ಎಂದು ಬಹಳ ಜನ ತಿಳಿಯುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆಟ ಇನ್ನೂ ಪ್ರಶ್ನೆಗಳಿಂದ ತುಂಬಿರುವುದು ಅಲ್ಲಿ ಮಾತ್ರ. ಇವತ್ತು ಕಲಿತದ್ದು ಮುಂದಿನ ವಾರವೇ ಮೈದಾನದಲ್ಲಿ ಕಾಣುತ್ತದೆ. ಎದುರಿಗಿರುವವನೂ ನಿಮ್ಮಷ್ಟೇ ಹೊಸಬ. ನೀವು ಕಂಡುಕೊಂಡದ್ದನ್ನು ಅವನು ಇನ್ನೂ ಕಂಡುಕೊಂಡಿಲ್ಲ, ಅವನಿಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲ. ಹಾಗಾಗಿ ಪ್ರತಿ ಪಂದ್ಯವೂ ಇಬ್ಬರು ತಡಕಾಡುವವರ ನಡುವಿನ ಪಂದ್ಯ. ಗೆಲುವಿಗೆ ತೂಕ ಬರುವುದೂ ಅದರಿಂದಲೇ.

ಪಟ್ಟಿಯ ಉಳಿದ ಏಳು ಹೆಸರುಗಳನ್ನು ನೋಡಿ. ಮೂರು ತಂಡಗಳಿಗೆ ಒಡೆಯರೇ ಇಲ್ಲ; ಯಾರೋ ಶುರು ಮಾಡಿ ಬಿಟ್ಟುಹೋದವು, ಕಂಪ್ಯೂಟರೇ ನಡೆಸುತ್ತಿದೆ. ಬೋಟ್ ತಂಡ ಎನ್ನುತ್ತಾರೆ. ಅವುಗಳ ವಿರುದ್ಧ ಆರೇಳು ಗೋಲು ಹೊಡೆಯಬಹುದು, ಹೊಡೆದು ಹೊಸಬರು ಕುಣಿಯುತ್ತಾರೆ. ಕುಣಿಯಲಿ. ಉಳಿದ ನಾಲ್ವರು ಮನುಷ್ಯರು. ಒಬ್ಬರು ಕೇರಳದವರು, ಫುಟ್‌ಬಾಲ್ ಬಗ್ಗೆ ನಿಮಗಿಂತ ಹತ್ತು ಪಟ್ಟು ತಿಳಿದವರು; ಆದರೆ ಈ ಆಟದ ಬಗ್ಗೆ ನಿಮ್ಮಷ್ಟೇ ತಿಳಿದವರು. ಇನ್ನೊಬ್ಬರು ಗೆದ್ದಾಗಲೆಲ್ಲ ದೊಡ್ಡ ಪತ್ರಿಕಾ ಹೇಳಿಕೆ ಹೊರಡಿಸುತ್ತಾರೆ. ಈ ಆಟದಲ್ಲಿ ಅದಕ್ಕೂ ಜಾಗವಿದೆ. ಮತ್ತೊಬ್ಬರು ಒಂದು ಮಾತೂ ಆಡುವುದಿಲ್ಲ, ಗೆಲ್ಲುತ್ತಲೇ ಇರುತ್ತಾರೆ. ನಾಲ್ಕನೆಯವರ ತಂಡ ನಿಮಗಿಂತ ಕೆಳಗಿದೆ. ಅವರು ಸೋತ ದಿನ ನೀವೇ ಎರಡು ಸಾಲು ಬರೆದು ನಡುಮೈದಾನದ ವಿಷಯ ಹೇಳಿದಿರಿ. ಮುಂದಿನ ವಾರ ಅವರು ನಿಮ್ಮನ್ನೇ ಸೋಲಿಸಿದರು. ಅದಕ್ಕೆ ಬೇಸರವಾಗಲಿಲ್ಲ, ಅಲ್ಲವೇ?

ಈಗ ಪಂದ್ಯ ಶುರು. ಕೇರಳದವರ ಮೇಲೆ. ಹನ್ನೊಂದು ಜನರ ಪಟ್ಟಿ ಆಗಲೇ ಹೋಗಿದೆ. ಇನ್ನು ನಿಮ್ಮ ಕೈಯಲ್ಲಿ ಏನೂ ಇಲ್ಲ. ನಿಮಿಷ ನಿಮಿಷಕ್ಕೂ ಒಂದೊಂದು ವಾಕ್ಯವಾಗಿ ಪಂದ್ಯ ಪರದೆಯ ಮೇಲೆ ಬರುತ್ತದೆ. ಚಿತ್ರವಿಲ್ಲ, ಸದ್ದಿಲ್ಲ. ನಲವತ್ತೈದು ನಿಮಿಷ ಎಂದರೆ ನಿಜಕ್ಕೂ ನಲವತ್ತೈದು ನಿಮಿಷ, ನಡುವೆ ಕಾಲು ಗಂಟೆ ವಿರಾಮ. ಮೈದಾನದಲ್ಲಿ ಮಳೆ ಎಂದು ಮೊದಲ ಸಾಲು ಹೇಳುತ್ತದೆ. ಎದೆ ಧಸಕ್ಕೆನ್ನುತ್ತದೆ. ನಿಮ್ಮ ಅತ್ಯುತ್ತಮ ಆಟಗಾರ ಚೆಂಡಿನ ಕುಶಲಿ. ಮಳೆಯಲ್ಲಿ ಅಂಥವರ ಆಟ ಕುಗ್ಗುತ್ತದೆ, ಮೈಬಲದವರ ಆಟ ಏರುತ್ತದೆ. ಇದು ಹಿಂದಿನ ತಿಂಗಳಷ್ಟೇ ನಿಮಗೆ ತಿಳಿದದ್ದು. ಆದರೂ ಪಟ್ಟಿ ಕಳಿಸುವ ಮುಂಚೆ ಹವಾಮಾನ ನೋಡಲು ಮರೆತಿರಿ.

ಚಿಕ್ಕಪ್ಪನ ಮಗ ಬಂದು ಪಕ್ಕದಲ್ಲಿ ಕೂರುತ್ತಾನೆ. ಪಾಲಿಟೆಕ್ನಿಕ್ ಓದುತ್ತಿರುವವನು. ಅವನ ಫೋನಿನಲ್ಲಿ ಯಾವಾಗಲೂ ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್, ಚೆನ್ನೈನ ನೆಕ್ಸ್ಟ್‌ವೇವ್ ಸಂಸ್ಥೆ ಮಾಡಿದ್ದು. ಬೆರಳು ಜಾರಿಸಿದರೆ ಸಿಕ್ಸರ್. ದಿಂಡಿಗಲ್ ಡ್ರಾಗನ್ಸ್ 2024ರಲ್ಲಿ ಅಶ್ವಿನ್ ನಾಯಕತ್ವದಲ್ಲಿ ತಮಿಳುನಾಡು ಪ್ರೀಮಿಯರ್ ಲೀಗ್ ಗೆದ್ದಾಗ ಬೀದಿಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನು ಇವನೇ.

“ಅಣ್ಣಾ, ಏನೂ ಆಗ್ತಾನೇ ಇಲ್ವಲ್ಲ?”

“ಆಗ್ತಾ ಇದೆ, ಓದು.”

ಮೂವತ್ತೊಂದನೆಯ ನಿಮಿಷ, ಕೇರಳದವರ ಗೋಲು. ಅವನಿಗೆ ಈಗ ಆಸಕ್ತಿ ಬಂದಿದೆ. ಯಾಕೆ ಹೋಯಿತು, ಎಡಗಡೆಯಿಂದಲೇ ಯಾಕೆ ಬರುತ್ತಿದ್ದಾರೆ ಎಂದು ಕೇಳುತ್ತಾನೆ. ಎಡಗಡೆಯ ಡಿಫೆಂಡರ್ ಕೈಲಾಗದವನು ಎಂದು ಹೇಳುತ್ತೀರಿ. ಹಾಗಾದರೆ ಬದಲಿಸು ಎನ್ನುತ್ತಾನೆ. ಈಗ ಆಗದು. ಆದರೆ ಅರವತ್ತನೆಯ ನಿಮಿಷದಲ್ಲೂ ಸೋಲುತ್ತಿದ್ದರೆ ಇಂಥವನನ್ನು ಇಳಿಸಿ ಎಂದು ಮೊದಲೇ ಬರೆದಿಟ್ಟಿದ್ದೀರಿ. ಅವನು ಗಡಿಯಾರ ನೋಡಲು ಶುರು ಮಾಡುತ್ತಾನೆ.

ವಿರಾಮ. ಅಮ್ಮ ಕಾಫಿ ತಂದಿಡುತ್ತಾರೆ. ಫೋನಿನ ಕಡೆ ನೋಡುವ ಅವರ ನೋಟದಲ್ಲಿ ಭಯವಿದೆ, ಅದು ಸುಮ್ಮನೆ ಬಂದದ್ದಲ್ಲ. ಆನ್‌ಲೈನ್ ಗೇಮ್ ಎಂದರೆ ಈ ನಾಡಿನಲ್ಲಿ ರಮ್ಮಿ, ಸಾಲ, ಜೀವ ಕಳೆದುಕೊಂಡವರ ಸುದ್ದಿ. ಆ ಸಾವುಗಳ ಬಳಿಕವೇ ತಮಿಳುನಾಡು ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಕೆ. ಚಂದ್ರು ಸಮಿತಿ ನೇಮಿಸಿತು, ಸುಗ್ರೀವಾಜ್ಞೆ ಬಂತು, ಮಸೂದೆಯನ್ನು ರಾಜ್ಯಪಾಲರು ವಾಪಸ್ ಕಳಿಸಿ, ವಿಧಾನಸಭೆ ಮತ್ತೆ ಅಂಗೀಕರಿಸಿ, 2023ರ ಏಪ್ರಿಲ್‌ನಲ್ಲಿ ಅಂಕಿತ ಬಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನೇ ದೇಶದಾದ್ಯಂತ ನಿಷೇಧಿಸಿತು. ಅಮ್ಮನಿಗೆ ಈ ವಿವರವೆಲ್ಲ ಬೇಡ. “ದುಡ್ಡು ಹಾಕಿದೀಯಾ?” ಅಷ್ಟೇ ಅವರ ಪ್ರಶ್ನೆ. ಇಲ್ಲ ಎನ್ನುತ್ತೀರಿ, ಅದು ನಿಜ. ಈ ಆಟ ಆಡಲು ಹಣ ಬೇಡ. ಬೇಕಾದವರು ಕಟ್ಟುವ ಚಂದಾ ಕೆಲವು ಅನುಕೂಲ ಕೊಡುತ್ತದೆಯೇ ಹೊರತು ಮೈದಾನದಲ್ಲಿ ಮೇಲುಗೈ ಕೊಡುವುದಿಲ್ಲ. ಸೋತರೆ ಕಳೆದುಕೊಳ್ಳುವುದು ಮೂರು ಪಾಯಿಂಟು. ಧೈರ್ಯವಾಗಿ ತಪ್ಪು ಮಾಡಲು ಬಿಡುವ ಜಾಗ ದೊಡ್ಡವರಿಗೆ ಬೇರೆಲ್ಲಿ ಉಳಿದಿದೆ? ತಕ್ಕಡಿಯ ಮುಂದೆ ನೂರು ಗ್ರಾಂ ತಪ್ಪಿದರೆ ಸಂಜೆ ಲೆಕ್ಕದಲ್ಲಿ ಬರುತ್ತದೆ.

ಎರಡನೆಯ ಅರ್ಧ. ಅರವತ್ತನೆಯ ನಿಮಿಷಕ್ಕೆ ನಿಮ್ಮ ಬದಲಿ ಆಟಗಾರ ಇಳಿಯುತ್ತಾನೆ. ಹದಿನೆಂಟು ವರ್ಷದವನು, ಮೈಬಲದವನು. ಎರಡು ತಿಂಗಳಿಂದ ವಾರದ ನಡುವಿನ ಸ್ನೇಹಪಂದ್ಯಗಳಲ್ಲಿ ಅವನನ್ನು ನಡುಮೈದಾನದಲ್ಲಿ ಆಡಿಸುತ್ತಾ ಬಂದಿದ್ದೀರಿ. ಇದು ನೀವೇ ಪತ್ತೆ ಮಾಡಿದ ಸೂತ್ರ, ಯಾರೂ ಹೇಳಿಕೊಟ್ಟದ್ದಲ್ಲ: ತರಬೇತಿ ಹೆಚ್ಚಾಗಿ ಹತ್ತುವುದು ಆ ಜಾಗದಲ್ಲಿ ಆಡಿದವರಿಗೇ, ಸ್ನೇಹಪಂದ್ಯದಲ್ಲಿ ಬೇರೆ ಹುಡುಗರನ್ನು ಆಡಿಸಿದರೆ ಒಂದೇ ವಾರದಲ್ಲಿ ಎರಡು ಪಟ್ಟು ಜನ ಕಲಿಯುತ್ತಾರೆ. ಲಕ್ಷಾಂತರ ಜನ ನಿಮಗಿಂತ ಮೊದಲೇ ಇದನ್ನು ಕಂಡುಕೊಂಡಿದ್ದಾರೆ. ಹೋಗಲಿ, ನೀವು ಕಂಡುಕೊಂಡ ರಾತ್ರಿ ಅದು ನಿಮ್ಮದೇ ಆಗಿತ್ತು.

ಎಪ್ಪತ್ನಾಲ್ಕನೆಯ ನಿಮಿಷ. ಹುಡುಗನ ಹೆಸರು ಪರದೆಯ ಮೇಲೆ ಬರುತ್ತದೆ. ಕೆಸರಿನಲ್ಲಿ ಇಬ್ಬರನ್ನು ತಳ್ಳಿಕೊಂಡು ಹೋದನಂತೆ. ಗೋಲು. ಚಿಕ್ಕಪ್ಪನ ಮಗ ತಿಣ್ಣೆಯಿಂದ ಹಾರಿ ಇಳಿಯುತ್ತಾನೆ. ಎದುರು ಮನೆಯವರು ಏನಾಯಿತೆಂದು ಬಾಗಿಲಿಗೆ ಬರುತ್ತಾರೆ. ಬರೀ ಒಂದು ಸಾಲು ಇಂಗ್ಲಿಷಿಗೆ ಇಷ್ಟು ಕೂಗು! ಪಂದ್ಯ ಒಂದು–ಒಂದಕ್ಕೆ ನಿಲ್ಲುತ್ತದೆ.

ಮೇಲಿನ ಡಿವಿಷನ್ನುಗಳಲ್ಲಿ ಹತ್ತಾರು ವರ್ಷ ಆಡಿದವರಿದ್ದಾರೆ. ಯಾವ ವಯಸ್ಸಿನ ಆಟಗಾರನಿಗೆ ಎಷ್ಟು ವಾರದಲ್ಲಿ ಯಾವ ಕೌಶಲ ಒಂದು ಮೆಟ್ಟಿಲು ಏರುತ್ತದೆ, ಅವನನ್ನು ಯಾವ ವಾರ ಮಾರಿದರೆ ಒಳ್ಳೆಯ ಬೆಲೆ ಎಂಬುದೆಲ್ಲ ಅವರ ಕೋಷ್ಟಕಗಳಲ್ಲಿದೆ. ಅದೂ ಒಂದು ವಿದ್ಯೆ, ಅದನ್ನು ಗೌರವಿಸುತ್ತೇನೆ. ಆದರೆ ಅಲ್ಲಿ ಉತ್ತರಗಳು ಮೊದಲೇ ಸಿದ್ಧ. ಯಾರು ಹೆಚ್ಚು ಶ್ರದ್ಧೆಯಿಂದ ಪಾಲಿಸುತ್ತಾರೆ ಎಂಬುದಷ್ಟೇ ಸ್ಪರ್ಧೆ. ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ಶುರುವಾದ ಮಡ್ ಎಂಬ ಮೊಟ್ಟಮೊದಲ ಜಾಲದಾಟಗಳಲ್ಲೊಂದನ್ನು ಕಟ್ಟಿದವರಲ್ಲೊಬ್ಬರಾದ ರಿಚರ್ಡ್ ಬಾರ್ಟಲ್, ಆಡುವವರನ್ನು 1996ರ ಪ್ರಬಂಧದಲ್ಲಿ ನಾಲ್ಕು ಬಗೆಯಾಗಿ ವಿಂಗಡಿಸಿದ್ದರು: ಸಾಧಿಸಹೊರಟವರು, ಹುಡುಕುವವರು, ಬೆರೆಯಬಯಸುವವರು, ಇತರರನ್ನು ಮಣಿಸಬಯಸುವವರು. ಕೆಳಗಿನ ಲೀಗಿನಲ್ಲಿ ನಾಲ್ಕು ಬಗೆಯವರೂ ಹುಡುಕಲೇಬೇಕು, ಬೇರೆ ದಾರಿಯೇ ಇಲ್ಲ. ಮೇಲೆ ಹೋದಂತೆ ಹುಡುಕುವವನಿಗೆ ಕೆಲಸ ಕಡಿಮೆಯಾಗುತ್ತದೆ. ಅಲ್ಲಿ ಏಳನೆಯ, ಎಂಟನೆಯ ಸ್ಥಾನದವರು ನೇರ ಕೆಳಕ್ಕೆ ಬೀಳುತ್ತಾರೆ. ಎಲ್ಲಕ್ಕಿಂತ ಕೆಳಗಿರುವವರಿಗೆ ಬೀಳಲು ಜಾಗವೇ ಇಲ್ಲ, ಆ ನಿರಾಳವೇ ಬೇರೆ.

ಹುಲ್ಲಿನ ಮೈದಾನದಲ್ಲೂ ಇದು ಹೀಗೇ ಇರಬೇಕು. ಬೆಂಗಳೂರಿನ ಫುಟ್‌ಬಾಲಿನಲ್ಲಿ ಸೂಪರ್ ಡಿವಿಷನ್ನಿನ ಕೆಳಗೆ ಎ, ಬಿ, ಸಿ ಡಿವಿಷನ್ನುಗಳಿವೆ. ಸಿ ಡಿವಿಷನ್ ಆಡುವವರ ಹೆಸರು ಪತ್ರಿಕೆಯಲ್ಲಿ ಬರುವುದು ಅಪರೂಪ, ಆದರೂ ಆಡಲು ಬರುವವರಿಗೆ ಕೊರತೆಯಿಲ್ಲ. ಅವರೆಲ್ಲ ಮೇಲೇರಲೆಂದೇ ಬರುತ್ತಾರೆಂದು ನಾನು ನಂಬುವುದಿಲ್ಲ. ತಮಗೆ ಸರಿಸಮನಾದವನ ಎದುರು ನಿಲ್ಲುವ ಸುಖ ದೊಡ್ಡದು.

ಸೀಸನ್ ಮುಗಿಯುವ ವಾರಕ್ಕೆ ಬನ್ನಿ. ಮಾತಾಡದೆ ಗೆಲ್ಲುತ್ತಿದ್ದವರು ಮೊದಲು, ಕೇರಳದವರು ಎರಡನೆಯವರು, ನೀವು ಮೂರನೆಯವರು. ಮೊದಲಿಗರು ಮೇಲಕ್ಕೆ ಹೋಗುತ್ತಾರೆ. ಹೋಗುವ ದಿನ ಮೊಟ್ಟಮೊದಲ ಬಾರಿಗೆ ಒಂದು ಸಾಲು ಬರೆಯುತ್ತಾರೆ, ಎಲ್ಲರಿಗೂ ಧನ್ಯವಾದ ಎಂದು. ಕೇರಳದವರು ನಿಮಗೆ ಪ್ರತ್ಯೇಕ ಸಂದೇಶ ಕಳಿಸುತ್ತಾರೆ: ಮುಂದಿನ ಸೀಸನ್ನಿನಲ್ಲಿ ನಿಮ್ಮ ಆ ಹುಡುಗನನ್ನು ತಡೆಯಲು ಈಗಲೇ ಇಬ್ಬರು ಡಿಫೆಂಡರ್‌ಗಳನ್ನು ಕೊಂಡಿದ್ದೇನೆ. ನಿಮಗೆ ನಗು ಬರುತ್ತದೆ. ಮೂರನೆಯ ಸ್ಥಾನಕ್ಕೆ ಕಪ್ಪಿಲ್ಲ, ಬಡ್ತಿಯೂ ಇಲ್ಲ. ಇನ್ನೊಂದು ಸೀಸನ್ ಇಲ್ಲೇ, ಇವರ ಜೊತೆಯಲ್ಲೇ. ಆ ಹುಡುಗನಿಗೆ ಆಗ ಹತ್ತೊಂಬತ್ತು. ಒಂದು ಸ್ನೇಹಪಂದ್ಯಕ್ಕೆ ಸ್ವೀಡನ್ನಿನ ಯಾವುದೋ ತಂಡವನ್ನು ಕರೆಯುತ್ತೀರಿ, ಅವರು ಒಪ್ಪುತ್ತಾರೆ.

ಚಿಕ್ಕಪ್ಪನ ಮಗನೂ ತಂಡ ತೆಗೆದುಕೊಂಡಿದ್ದಾನೆ. ಅವನದು ಬೇರೆ ಗುಂಪು, ಡಿವಿಷನ್ ಮಾತ್ರ ಅದೇ, ಎಲ್ಲಕ್ಕಿಂತ ಕೆಳಗಿನದು. ಭಾನುವಾರ ಮಾರುಕಟ್ಟೆ ಮುಗಿಸಿ ಬಂದಾಗ ತಿಣ್ಣೆಯ ಮೇಲೆ ಕೂತು ಹನ್ನೊಂದು ಜನರನ್ನು ಜೋಡಿಸುತ್ತಿರುತ್ತಾನೆ. ಮೂವರು ಫಾರ್ವರ್ಡ್‌ಗಳು ಮುಂದೆ, ನಡುವೆ ಇಬ್ಬರೇ.

“ಸರಿಯಾಗಿದೆಯಾ ಅಣ್ಣಾ?”

“ಆಡ್ಸಿ ನೋಡು,” ಎನ್ನುತ್ತೀರಿ.